ಕೈ ಸೋಕದ ಗೆರೆಗಳು

ನಮ್ಮ ಮನೆಯಲ್ಲಿ ಮನುಷ್ಯರ ಕೈ ಸೋಕದ ಅದ್ಭುತವೊಂದು ಇರಲೇಬೇಕೆಂದು ನಾನು ಪಣ ತೊಟ್ಟು ಎಂಟು ವರ್ಷವಾಯಿತು. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೇ ಗಡಿಯಾರ. ನಾನು ಕೂಡಿಡುವುದು ಕಂಪ್ಯೂಟರ್ ಬರೆದ ಚಿತ್ರಗಳನ್ನು. ಈಗಿನವಲ್ಲ ಸ್ವಾಮಿ! ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದಿದ್ದ ಕಾಲದವು. ಆಗ ಪ್ಲಾಟರ್ ಎಂಬ ಯಂತ್ರವಿತ್ತು. ಅದರ ಕಬ್ಬಿಣದ ತೋಳಿಗೆ ಪೆನ್ನು ಸಿಕ್ಕಿಸಿ ಬಿಟ್ಟರೆ, ಕಂಪ್ಯೂಟರ್ ಹೇಳಿದಂತೆ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಂಥ ಹನ್ನೊಂದು ಚಿತ್ರಗಳು ನನ್ನ ಬಳಿ ಇವೆ. ಹತ್ತು ಬೀರುವಿನಲ್ಲಿವೆ, ಹಾಗಾಗಿ ನನ್ನ ಬಟ್ಟೆಗಳು ಕುರ್ಚಿಯ ಮೇಲಿವೆ.

ಹನ್ನೊಂದನೆಯದು ಮಹಾರಾಜ. ಅವನ ವಾಸ ಹಜಾರದ ಗೋಡೆಯ ಮೇಲೆ. ಕಪ್ಪು ಮಸಿಯ ನಾನೂರು ಗೆರೆಗಳು! ಎಡತುದಿಯಲ್ಲಿ ನೆಟ್ಟಗೆ ನಿಂತವು, ಬಲಕ್ಕೆ ಬರಬರುತ್ತ ಕೂದಲೆಳೆಯಷ್ಟು ಬಾಗಿ, ಇನ್ನಷ್ಟು ಬಾಗಿ, ಕೊನೆಗೆ ಇಡೀ ಕಾಗದವೇ ಉಸಿರಾಡುತ್ತಿದೆ ಅನ್ನಿಸುತ್ತದೆ. ಒಂದು ಗೆರೆ ಇನ್ನೊಂದನ್ನು ಮುಟ್ಟುವುದಿಲ್ಲ. ದಿನಾ ನೋಡುತ್ತೇನೆ, ದಿನಾ ಬಾಯಿ ತೆರೆದೇ ನೋಡುತ್ತೇನೆ.

ಅದರಲ್ಲೊಂದು ಗೆರೆ ಮಾತ್ರ ಅರ್ಧಕ್ಕೆ ನಿಂತಿತ್ತು. ಪೆನ್ನಿನಲ್ಲಿ ಮಸಿ ಮುಗಿದಿತ್ತು, ಯಂತ್ರಕ್ಕೇನು ಗೊತ್ತು? ಯಾರೋ ನೋಡಿ ಮಸಿ ತುಂಬುವಷ್ಟರಲ್ಲಿ ಅದು ಒಣ ಪೆನ್ನಿನಲ್ಲೇ ಗೆರೆ ಪೂರೈಸಿಬಿಟ್ಟಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಗದದಲ್ಲಿ ಬಣ್ಣವಿಲ್ಲದ ಆ ಗೀರು ಕಾಣುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, “ಮನುಷ್ಯನಾಗಿದ್ದರೆ ಇಲ್ಲಿ ಕೈಯಾಡಿಸದೆ ಬಿಡುತ್ತಿದ್ದನೇ?” ಎಂದು ಬೀಗುತ್ತಿದ್ದೆ.

ಕಲಾ ಸಂಗ್ರಹಾಲಯದ ಮೇಡಂ ಒಬ್ಬರು, ತಮ್ಮ ಪ್ರದರ್ಶನಕ್ಕೆ ಆದೀತೇ ಎಂದು ಮಹಾರಾಜನನ್ನು ನೋಡಲು ಅಂದು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಆಯ್ಕೆಯಾದರೆ ಸಂಗ್ರಹಾಲಯದ ಗೋಡೆಯ ಮೇಲೆ ಚಿತ್ರ, ಪಕ್ಕದ ಚೀಟಿಯಲ್ಲಿ ನನ್ನ ಹೆಸರು! ಎಂಟು ವರ್ಷದ ಕನಸು. ಚೌಕಟ್ಟು ಬಿಚ್ಚಿ, ಚಿತ್ರವನ್ನು ಊಟದ ಮೇಜಿನ ಮೇಲೆ ಹಾಸಿ, ಗಡ್ಡ ಹೆರೆಯಲು ಹೋದೆ. ಹೋದದ್ದು ಹತ್ತೇ ನಿಮಿಷ.

ಬಂದು ನೋಡಿದರೆ ಆ ಅರ್ಧ ಗೆರೆಯ ಮುಂದಿನ ಖಾಲಿ ಜಾಗವೇ ಇಲ್ಲ! ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಡುಗೆಮನೆಯ ನಲ್ಲಿಯಲ್ಲಿ ಪೆನ್ನು ತೊಳೆಯುತ್ತಿದ್ದರು.

“ಅತ್ತೇ! ಏನ್ ಮಾಡಿದ್ರಿ ಇದು?”

“ಅರ್ಧಕ್ಕೆ ನಿಂತಿತ್ತಲ್ಲ, ಮುಗಿಸಿದೆ. ಬಂದವರಿಗೆ ಹಾಗೇ ತೋರಿಸಿದ್ರೆ ಚೆನ್ನಾಗಿರುತ್ತಾ? ದಾರಿ ಆ ಯಂತ್ರವೇ ಕೊರೆದಿಟ್ಟಿತ್ತು. ನಾನು ಮಸಿ ಹಾಕಿದೆ, ಅಷ್ಟೇ.”

“ಅಮ್ಮ ಮೂವತ್ತು ವರ್ಷ ಆಫೀಸಲ್ಲಿ ನಕ್ಷೆ ಬರೆದವರು ರೀ,” ಎಂದಳು ಹೆಂಡತಿ. “ಕೈ ಸುಮ್ನಿರುತ್ತಾ?”

“ಇದು ಮನುಷ್ಯರ ಕೈ ಸೋಕದ್ದು ಕಣೇ!”

“ಈಗ ಸೋಕಿತಲ್ಲ, ಬಿಡಿ.”

ಬಿಡುವುದೇ! ಗಡ್ಡದ ಬ್ಲೇಡನ್ನೇ ಖಡ್ಗದಂತೆ ಹಿಡಿದು ಬಂದೆ. ಅತ್ತೆಯ ಗೆರೆಯನ್ನು ಕೆರೆದು ತೆಗೆದರಾಯಿತು! ಆದರೆ ಅತ್ತೆಯದು ಯಾವುದು? ಜಾಗ ಅಂದಾಜು ಗೊತ್ತಿತ್ತು. ಆ ಅಂದಾಜಿನೊಳಗೆ ಒಂಬತ್ತು ಗೆರೆಗಳಿದ್ದವು. ಭೂತಗನ್ನಡಿ ಇಟ್ಟು ನೋಡಿದೆ. ಎಂಟು ಗೆರೆಗಳು ತಣ್ಣಗೆ ಹರಿದಿದ್ದವು. ಒಂದು ಮಾತ್ರ ಉದ್ದಕ್ಕೂ ಸಣ್ಣಗೆ ನಡುಗಿತ್ತು. ಸಿಕ್ಕಿಬಿತ್ತು ಕಳ್ಳಗೆರೆ! ಎರಡು ಬೆರಳಿನಷ್ಟು ಕೆರೆದೂಬಿಟ್ಟೆ.

ಹೆಗಲ ಹಿಂದಿನಿಂದ ಅತ್ತೆ ಬಗ್ಗಿ ನೋಡಿದರು. “ಅಳಿಯಂದ್ರೇ, ಅದು ಯಂತ್ರದ್ದು. ಸ್ಕ್ರೂ ಸಡಿಲ ಆದ್ರೆ ಅದರ ಕೈ ಆಗೊಮ್ಮೆ ಈಗೊಮ್ಮೆ ಹಾಗೇ ನಡುಗುತ್ತೆ. ನನ್ನದು ಪಕ್ಕದ್ದು.”

ಬ್ಲೇಡು ಕೆಳಗಿಟ್ಟು ಗಡಿಯಾರ ನೋಡಿದೆ. ಗಂಟೆ ಮೂರೂವರೆ. ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಚಿತ್ರಕ್ಕೆ ನಾನೇ ಗಾಯ ಮಾಡಿದ್ದೆ. ಅಳು ಬಂತು, ಸುಳ್ಳೇಕೆ ಹೇಳಲಿ? ಹತ್ತು ನಿಮಿಷದ ಹಿಂದೆ ಕೂಗಾಡಿದ್ದ ಬಾಯಲ್ಲೇ, “ಅತ್ತೇ, ದಯವಿಟ್ಟು…” ಎಂದೆ.

ಈ ಸಲ ಹಿಂಬಾಲಿಸಲು ಗೀರೂ ಇರಲಿಲ್ಲ. ಮಸಿ ಹರಡದಿರಲೆಂದು ಅತ್ತೆ, ಕೆರೆದು ಒರಟಾದ ಆ ಜಾಗವನ್ನು ಚಮಚದ ಬೆನ್ನಿನಿಂದ ಉಜ್ಜಿದರು. ಪೆನ್ನಿಗೆ ಮಸಿ ತುಂಬಿದರು. ಉಸಿರು ಬಿಗಿಹಿಡಿದರು, ನಾವೂ ಹಿಡಿದೆವು. ಎಪ್ಪತ್ತೆರಡು ವರ್ಷದ ಆ ಕೈ ಕಾಗದಕ್ಕಿಳಿದು, ಒಂದೇ ಉಸಿರಿನಲ್ಲಿ ಈ ತುದಿಯಿಂದ ಆ ತುದಿ ಸೇರಿತು. ನಾನೂರು ಗೆರೆಗಳ ಮುಂದೆ ಎಂಟು ವರ್ಷ ತೆರೆದಿದ್ದ ಬಾಯಿ, ಈಗ ಎರಡು ಬೆರಳಿನಷ್ಟು ಗೆರೆಯ ಮುಂದೆ ಮುಚ್ಚಲೇ ಇಲ್ಲ!

“ನಮ್ಮ ಆಫೀಸಿಗೆ ಇಂಥ ಯಂತ್ರ ಬಂದ ದಿನ,” ಎಂದರು ಅತ್ತೆ, “ನಾವು ಆರು ಜನ ಹೆಂಗಸರೂ ಕೆಲಸ ಬಿಟ್ಟು ಅದರ ಮುಂದೆ ನಿಂತ್ಬಿಟ್ಟಿದ್ವಿ. ಏನು ಚೆಂದ ಎಳೀತಿತ್ತು! ಆದ್ರೆ ಮಸಿ ಮುಗಿದದ್ದು ಅದಕ್ಕೆ ತಿಳೀತಿರ್ಲಿಲ್ಲ. ಅದು ಬಿಟ್ಟದ್ದನ್ನ ನಾವು ಮುಗಿಸ್ತಿದ್ವಿ.”

ಪ್ಲಾಟರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಒಂದೇ ಮೇಜಿನಲ್ಲಿ ಉಣ್ಣುವ ಅತ್ತೆಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ತಮ್ಮದೇ ಭೂತಗನ್ನಡಿ ತೆಗೆದು ನೋಡಿದರು, ಮತ್ತೆ ನೋಡಿದರು. ಬಾಯಿ ಬಿಡಬಾರದೆಂದು ನಾನು ನಿರ್ಧರಿಸಿದ್ದೆ.

“ವಿಚಿತ್ರ,” ಎಂದರು ಮೇಡಂ. “ಈ ಗೆರೆ ಉದ್ದಕ್ಕೂ ನಡುಗಿದೆ. ನಡುವೆ ಇಷ್ಟು ಮಾತ್ರ ನಿಶ್ಚಲವಾಗಿದೆ. ನಡುಗ್ತಾ ಇದ್ದ ಯಂತ್ರ ನಡುವೆ ಇಷ್ಟು ಚೆನ್ನಾಗಿ ಎಳೆದಿರೋಕೆ ಸಾಧ್ಯವಿಲ್ಲ. ಯಾರ ಕೈ ಇದು?”

“ನಂದೇ ಅಮ್ಮ,” ಎಂದರು ಅತ್ತೆ.

ಇನ್ನು ಮುಚ್ಚಿಡುವುದೇನು? ಅತ್ತೆಯ ಆಫೀಸಿನ ಆರು ಹೆಂಗಸರ ಕಥೆ ಹೇಳಿ, ಬ್ಲೇಡಿನವರೆಗೆ ಎಲ್ಲ ಒಪ್ಪಿಕೊಂಡೆ. ಮೇಡಂ ನನ್ನ ಮಾತು ಮುಗಿಯುವ ಮೊದಲೇ ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಆ ಆರು ಹೆಂಗಸರ ಹೆಸರು ಬರೆದುಕೊಳ್ಳತೊಡಗಿದರು. “ಹೀಗೆ ಮುಗಿಸಿದ ಕೈಗಳ ಹೆಸರನ್ನ ಯಾರೂ ಬರೆದಿಟ್ಟಿಲ್ಲ. ಈ ಚಿತ್ರ ನಮಗೆ ಬೇಕೇ ಬೇಕು!”

ನಾನು ಮೆಲ್ಲಗೆ ಕೆಮ್ಮಿದೆ. “ಮೇಡಂ, ಆ ಚೀಟಿಯಲ್ಲಿ… ನನ್ನ ಹೆಸರು…?”

ಮೇಡಂ ಪೇಚಿಗೆ ಬಿದ್ದರು. “ಬರೆದದ್ದು ಯಂತ್ರ. ಮುಗಿಸಿದ್ದು ಇವರು. ನಿಮ್ಮದನ್ನ ಏನಂತ ಹಾಕೋದು?”

“ಪಾಪ, ಹಾಕಮ್ಮ,” ಎಂದರು ಅತ್ತೆ, ತುಂಬು ಕರುಣೆಯಿಂದ. “ಕೆರೆದದ್ದು ಅಳಿಯ, ಅಂತ.”