ಕಬ್ಬಿಣದ ಕಡಾಯಿಯಲ್ಲಿ ಕುದ್ದ ಚಹಾ

ತಡೆಯಿರಿ, ಕೈಯಲ್ಲಿರುವ ಚಹಾ ಈಗಲೇ ಕುಡಿಯಬೇಡಿ. ಅದರ ಬಗ್ಗೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಹೀಗೆ ಹೇಳಿ ಹೇಳಿಯೇ ನಾನು ರಾಯಚೂರಿನ ಬಹಳ ಜನರ ಚಹಾ ತಣ್ಣಗಾಗಿಸಿದ್ದೇನೆ. ಸ್ಟೇಷನ್ನಿನ ಹತ್ತಿರದ ರದ್ದಿ ಅಂಗಡಿಯಲ್ಲಿ ಸಿಕ್ಕ, ರಟ್ಟು ಹರಿದ ಉರ್ದು ಪುಸ್ತಕವೊಂದರಿಂದ ನನಗೆ ಟ್ಯಾನಿನ್ ಎಂಬ ಪದಾರ್ಥದ ಪರಿಚಯವಾಯಿತು. ಚಹಾದ ಒಗರು ಅದೇ. ನೇರಳೆಹಣ್ಣು, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ಎಲ್ಲದರಲ್ಲೂ ಅದೇ. ತೊಗಲು ಹದವಾಗುವುದೂ ಅದರಿಂದಲೇ. ನಮ್ಮ ತಾತ ಆಯುಷ್ಯವೆಲ್ಲ ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ತೊಗಲು ನೆನೆಸಿದವರು. ಅವರಿಗೂ ಒಂದು ಸಂಜೆ ಈ ವಿಷಯದಲ್ಲಿ ತಿಳಿವಳಿಕೆ ಕೊಟ್ಟೆ. ಪೂರ್ತಿ ಕೇಳಿ, "ಹೌದೇನಪಾ," ಎಂದು ಮಗ್ಗಲು ಬದಲಿಸಿದರು.

ಆಮೇಲೆ ಅಕ್ಕನನ್ನು ನೋಡಲು ದೇವದುರ್ಗದವರು ಬಂದರು. ಹುಡುಗ ಮಾನ್ವಿಯಲ್ಲಿ ಶಾಲಾ ಮಾಸ್ತರ. ಅಕ್ಕನ ಮನಸ್ಸಿಗೂ ಬಂದಿದ್ದ. ಮೊದಲೇ ಎರಡು ಸಂಬಂಧ ತಪ್ಪಿದ್ದವು. ಹೆಣ್ಣೇ ಚಹಾ ಮಾಡಿ ತಂದುಕೊಡಬೇಕೆಂಬುದು ಪದ್ಧತಿ. ಮಹಾಯುದ್ಧದ ಕಾಲ, ಚಹಾಪುಡಿ ಸಿಗುವುದೇ ಕಷ್ಟ; ಮನೆಯಲ್ಲಿದ್ದ ಪುಡಿ ಒಂದು ಸಲಕ್ಕಷ್ಟೇ ಸಾಕಾಗುವಷ್ಟು. ಅದನ್ನು ನೀರಿಗೆ ಹಾಕಿ ಸೀರೆ ಉಡಲು ಹೋಗುತ್ತಾ ಅಕ್ಕ, "ಒಲಿ ಕಡೆ ನೋಡ್ಕೋತ ಕುಂದ್ರಲೇ. ಏನೂ ಮುಟ್ಟಬ್ಯಾಡ," ಎಂದಳು.

ನೋಡಿದೆ. ಹಿತ್ತಾಳೆ ಪಾತ್ರೆಯ ಒಳಗಿನ ತವರದ ಕಲಾಯಿ ಹೋಗಿತ್ತು. ಬೀಗರ ಹೊಟ್ಟೆ ಕೆಟ್ಟರೆ? ಚಹಾವನ್ನು ಮೂಲೆಯಲ್ಲಿದ್ದ ಕಬ್ಬಿಣದ ಕಡಾಯಿಗೆ ಸುರಿದು ಚೆನ್ನಾಗಿ ಕುದಿಸಿದೆ. ಕಬ್ಬಿಣ ರಕ್ತಕ್ಕೆ ಒಳ್ಳೆಯದೆಂದು ಅದೇ ಪುಸ್ತಕದಲ್ಲಿತ್ತು. ಕಡಾಯಿಗೆ ತುಕ್ಕು ಹಿಡಿದಿತ್ತು, ಆದರೆ ತುಕ್ಕೂ ಕಬ್ಬಿಣವೇ ಅಲ್ಲವೇ? ಟ್ಯಾನಿನ್ನಿಗೆ ಕಬ್ಬಿಣ ಕೂಡಿದರೆ ಏನಾಗುತ್ತದೆಂದು ಹೇಳುವ ಹಾಳೆ ನನ್ನ ಪ್ರತಿಯಲ್ಲಿ ಇರಲಿಲ್ಲ.

ಮಸಿಯಾಗುತ್ತದೆ. ಹಾಲು ಹಾಕಿದರೆ ಒದ್ದೆ ಬೂದಿಯ ಬಣ್ಣ. ಬಟ್ಟಲಿಗೆ ನಾನೇ ಸೋಸಿಟ್ಟಿದ್ದೆ; ಅಡುಗೆಮನೆಯ ಮಬ್ಬಿನಲ್ಲಿ ಅಕ್ಕನಿಗೆ ಬಣ್ಣ ಕಾಣಲಿಲ್ಲ. ಪಡಸಾಲೆಯ ಬೆಳಕಿಗೆ ಬಂದಾಗ ಬಟ್ಟಲು ನೋಡಿ ಹಿಂದಕ್ಕೆ ತಿರುಗಲು ಹೋದಳು. ಅಷ್ಟರಲ್ಲಿ ಅವ್ವ ಹೇಳಿಬಿಟ್ಟಿದ್ದಳು: "ನಮ್ಮ ಹುಡುಗಿನೇ ಮಾಡ್ಯಾಳ್ರೀ. ಬ್ಯಾರೆ ಯಾರೂ ಕೈ ಹಚ್ಚಿಲ್ಲ."

ಹುಡುಗನ ಸೋದರತ್ತೆ ಬಟ್ಟಲೊಳಗೆ ಇಣುಕಿದರು. "ಏನವ್ವಾ, ಇದು ಕುಡಿಯಾದೋ, ಲೆಕ್ಕಣಿಕಿ ಅದ್ದಿ ಬರಿಯಾದೋ?"

ಅಕ್ಕನ ಕಣ್ಣು ತುಂಬಿತು. ಆದರೂ ನನ್ನ ಹೆಸರು ಬಾಯಿಗೆ ಬರಲಿಲ್ಲ. ನಾನೇ ಬಾಗಿಲ ಹಿಂದಿನಿಂದ ಬಂದು, "ಅಕ್ಕ ಅಲ್ರೀ, ನಾ ಕಡಾಯ್ದಾಗ ಕುದಿಸೀನಿ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಟ್ಯಾನಿನ್ ಬಗ್ಗೆಯೂ ನಾಲ್ಕು ಮಾತು ಹೇಳಿದೆ.

ಹುಡುಗನ ಅಪ್ಪ ದೇವದುರ್ಗದಲ್ಲಿ ತೊಗಲು ಹದ ಮಾಡುವವರು. ಬಟ್ಟಲು ಬೆಳಕಿಗೆ ಹಿಡಿದು ನಕ್ಕರು. "ತಂಗಡಿ ನೀರಾಗ ಒಂದು ಮೊಳಿ ಬಿದ್ರ ಸಾಕು, ತೊಗಲು ಹಿಂಗ ಕಪ್ಪಾಗತದ. ತೊಟ್ಟಿ ಹತ್ರ ನಾವು ಕಬ್ಬಿಣ ತರಂಗಿಲ್ಲ. ನಿಮ್ಮ ತಾತ ಹೇಳಿಲ್ಲೇನಲೇ?"

ಮೂಲೆಯಲ್ಲಿ ಕೂತಿದ್ದ ತಾತ, "ಎಲ್ಲಿ ಕೇಳತಾನ್ರೀ? ನನಗೇ ಹೇಳಾಕ ಬಂದಿದ್ದ," ಎಂದರು. ಪಡಸಾಲೆಯೆಲ್ಲ ನಕ್ಕಿತು, ಸೋದರತ್ತೆಯೂ.

ಹುಡುಗನ ಅಪ್ಪ ಅಕ್ಕನ ಕಡೆ ತಿರುಗಿದರು. "ತಮ್ಮನ ತಪ್ಪು ಮೈಮ್ಯಾಲೆ ಹಾಕ್ಕೊಂಡು ನಿಂತಿ. ನೀ ನಮ್ಮ ಮನಿಗಿ ಬಾರವ್ವಾ. ಆದ್ರ ಒಂದು ಮಾತು, ಮದುವಿ ದಿನ ಈ ಪಂಡಿತ ಒಲಿ ಕಡೆ ಸುಳಿಬಾರದು."

ಹಾಗಾಗಿ ಮದುವೆಯಲ್ಲಿ ನನ್ನನ್ನು ಚಪ್ಪರದ ಬಾಗಿಲಲ್ಲಿ ಎಲೆ ಅಡಿಕೆ ಕೊಡಲು ಕೂರಿಸಿದರು. ಅಡಿಕೆಯ ಒಗರು ಎಲ್ಲಿಂದ ಬರುತ್ತದೆಂದು ಯಾರಿಗೂ ಹೇಳಬಾರದೆಂದು ಅವ್ವ ಆಣೆ ಹಾಕಿಸಿದ್ದಳು. ಮೂರೇ ಮಂದಿಗೆ ಹೇಳಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಅರ್ಧ ಪುಸ್ತಕ ಓದಿ ಪೂರ್ತಿ ಕೆಲಸ ಕೆಡಿಸಿದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಮಹಾಶಯರು ನೀವೇ ಆಗಿದ್ದರೆ ಸಂಕೋಚ ಬೇಡ, ನೆರೆಮನೆಯವರ ಮೇಲೆ ಹಾಕಿ ಬರೆಯಿರಿ. ನಾನು ಅರ್ಥ ಮಾಡಿಕೊಳ್ಳುತ್ತೇನೆ.