ಗಂಗೆ ಮುಟ್ಟದ ಗಿಡ

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ಹಸುವಿನ ಜೊತೆ ಜಗಳವಾಡಿದವರು ಇಡೀ ರಾಮಮೂರ್ತಿನಗರದಲ್ಲಿ ಇನ್ನೊಬ್ಬರಿಲ್ಲ. ಗಂಡ ಹೆಂಡತಿಯಾದರೂ ನಡುವೆ ಒಂದು ದಿನ ರಜೆ ಹಾಕುತ್ತಾರೆ. ಇವರು ಭಾನುವಾರವೂ ಬಿಡುತ್ತಿರಲಿಲ್ಲ!

ಹಸು ಬೇರೆ ಯಾರದೋ ಅಲ್ಲ, ಅವರೇ ಕರುವಿನಿಂದ ಸಾಕಿದ ಗಂಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳೆದ್ದಾಗ ಕೊಟ್ಟಿಗೆ ಹೋಯಿತು. ಮನಸ್ಸಿಲ್ಲದ ಮನಸ್ಸಿನಿಂದ ಗಂಗೆಯನ್ನು ಹಿಂದಿನ ಬೀದಿಯ ಹಾಲಿನ ಮುನಿಯಪ್ಪನಿಗೆ ಕೊಟ್ಟು, ಮನೆಗಳ ಮುಂದೆ ಉಳಿದ ಅಂಗೈಯಗಲ ಜಾಗದಲ್ಲಿ ಮಾವ ದಾಸವಾಳ, ಗುಲಾಬಿ ಹಾಕಿದರು. ಮುನಿಯಪ್ಪ ಬೆಳಿಗ್ಗೆ ಹಾಲು ಕರೆದು ಹಸುಗಳನ್ನು ಬೀದಿಗೆ ಬಿಡುತ್ತಿದ್ದ. ಗಂಗೆ ಬೇರೆಲ್ಲಿಗೆ ಹೋಗಬೇಕು? ನೇರ ತವರಿಗೆ ಬಂದು, ಕೊಂಬಿನಿಂದ ಗೇಟಿನ ಚಿಲಕ ಎತ್ತಿ, ದಾಸವಾಳದ ಚಿಗುರಿನಿಂದ ತಿಂಡಿ ಶುರು ಮಾಡುತ್ತಿದ್ದಳು.

"ಬಂದ್ಯಾ? ನಾಚ್ಕೆ ಆಗಲ್ವಾ ನಿಂಗೆ? ಮುನಿಯಪ್ಪ ಹೊಟ್ಟೆಗೆ ಹಾಕಲ್ವಾ?" ಎಂದು ಮಾವ ಲುಂಗಿ ಎತ್ತಿಕಟ್ಟಿ ಅರ್ಧ ಗಂಟೆ ಬೈಯುತ್ತಿದ್ದರು. ಅವಳು ಕಿವಿ ಆಡಿಸುತ್ತ ಮೇಯುತ್ತಿದ್ದಳು.

ಮೊದಲು ಹಳ್ಳಿಯ ವಿದ್ಯೆ ಪ್ರಯೋಗವಾಯಿತು. ಸಗಣಿ ನೀರು ಎರಚಿದ ಸೊಪ್ಪನ್ನು ದನ ಮುಟ್ಟುವುದಿಲ್ಲ. ಗಂಗೆ ಮುಟ್ಟಲಿಲ್ಲ, ನಿಜ. ಆದರೆ ಬಾಡಿಗೆಗೆ ಮನೆ ನೋಡಲು ಬಂದವರೂ ಮೂಗು ಮುಚ್ಚಿಕೊಂಡು ಗೇಟಿನಿಂದಲೇ ಹಿಂದಿರುಗಿದರು. ಒಂದು ಮಳೆ ಬಂದು ಗಿಡ ತೊಳೆದ ಮೇಲೆ ಗಂಗೆ ಮಾತ್ರ ವಾಪಸ್ ಬಂದಳು.

ಆಗ ನಾನು ಶಿವಾಜಿನಗರದ ಫುಟ್‌ಪಾತಿನಿಂದ ಹಳೆಯ ಇಂಗ್ಲಿಷ್ ತೋಟಗಾರಿಕೆ ಪುಸ್ತಕ ತಂದೆ. ತೋಟದಿಂದ ಜಿಂಕೆಗಳನ್ನು ದೂರವಿಡುವ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇತ್ತು.

"ಇಲ್ಲಿ ಜಿಂಕೆ ಎಲ್ಲಿದ್ಯೋ?"

"ಅದಕ್ಕೂ ನಾಲ್ಕು ಕಾಲು, ಅದೂ ಸೊಪ್ಪು ತಿನ್ನುತ್ತೆ. ಎಲ್ಲಾ ಒಂದೇ ಮಾವ."

ಘಾಟು ವಾಸನೆಯ ಗಿಡ ಹಾಕಿ ಎಂದಿತ್ತು ಪುಸ್ತಕ. ಸುತ್ತ ಚೆಂಡುಹೂ ಹಾಕಿದೆವು. ಗಂಗೆ ಅದರ ಮೇಲಿಂದ ಕತ್ತು ಚಾಚಿ ದಾಸವಾಳ ತಿಂದಳು. ಕಣಗಿಲೆಯನ್ನು ಯಾವ ಪ್ರಾಣಿಯೂ ಮುಟ್ಟದು, ವಿಷ, ಎಂದು ಓದಿದೆ.

"ತಿಂದು ಸತ್ರೆ?" ಎಂದರು ಮಾವ.

"ಓಡಿಸೋಕೆ ತಾನೇ ಇಷ್ಟೆಲ್ಲ?"

"ಓಡಿಸೋದು ಬೇರೆ ಕಣೋ. ಮುಂದಿನ ಪುಟ ಓದು."

ಮುಂದಿನ ಪುಟದಲ್ಲಿ ಮನುಷ್ಯರ ಕೂದಲಿತ್ತು. ಮಾವ ಕ್ಷೌರದಂಗಡಿಯಿಂದ ಚೀಲ ತುಂಬ ಕೂದಲು ತಂದು, ಹಳೆಯ ಕಾಲುಚೀಲಗಳಲ್ಲಿ ತುಂಬಿ, ಗಿಡಗಿಡಕ್ಕೂ ನೇತುಹಾಕಿದರು. ಮೊದಲನೇ ಮನೆಯಲ್ಲಿದ್ದ ರಾಯಚೂರಿನ ಹೆಣ್ಣುಮಗಳು ಅದನ್ನು ನೋಡಿ ನಡುಗಿಬಿಟ್ಟಳು.

"ಮಾಲಕರ, ಯಾರೋ ಮಾಟ ಮಾಡ್ಯಾರ್ರೀ. ನಾವು ಮನಿ ಖಾಲಿ ಮಾಡ್ತೀವ್ರೀ."

"ಹೆದರ್ಕೋಬೇಡಮ್ಮ, ನಾನೇ ಕಟ್ಟಿದ್ದು" ಎಂದರು ಮಾವ. ಈ ಸಮಾಧಾನ ಕೇಳಿ ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಗಂಗೆ ಬಂದು ಒಂದು ಕಾಲುಚೀಲವನ್ನೇ ಎಳೆದು ಅಗಿಯತೊಡಗಿದಳು. ಅದನ್ನು ಬಾಯಿಂದ ಬಿಡಿಸಲು ಹೋಗಿ ಮಾವ ಜಾರಿ ಬಿದ್ದು ಮಂಡಿ ಒಡೆದುಕೊಂಡರು.

ನನಗೆ ರೇಗಿತು. ಮಾವನಿಗೆ ಹೇಳದೆ ಮುನಿಯಪ್ಪನ ಮನೆಗೆ ಹೋಗಿ, "ಇನ್ನೊಂದ್ಸಲ ಆ ಹಸು ಈ ಕಡೆ ಬಂದ್ರೆ ಕಂಪ್ಲೇಂಟ್ ಕೊಡ್ತೀನಿ" ಎಂದೆ. "ಕಟ್ಟಿ ಮೇಯ್ಸೋಕೆ ನಂಗೆ ಜಾಗ ಎಲ್ಲಿದೆ ಸ್ವಾಮಿ?" ಎಂದ ಅವನು, ಒಂದು ವಾರದೊಳಗೆ ಗಂಗೆಯನ್ನು ಸಂತೆಗೆ ಹೊಡೆದುಬಿಟ್ಟ. ಕೊಂಡವರು ಯಾವ ಊರಿನವರೆಂದು ಅವನಿಗೂ ಗೊತ್ತಿರಲಿಲ್ಲ.

ಮಂಡಿಗೆ ಪಟ್ಟಿ ಕಟ್ಟಿಕೊಂಡ ಮಾವ ನಾಲ್ಕು ದಿನ ಬೆಳಿಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಐದನೇ ದಿನ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ. ಅವರು ನನ್ನ ಸ್ಕೂಟರಿನ ಹಿಂದೆ ಕೂತು, "ನಡಿ" ಎಂದರು. ಸಂತೆಯಲ್ಲಿ, ಅದರಾಚೆಯ ಹಳ್ಳಿಗಳಲ್ಲಿ ಹುಡುಕಿದೆವು. ಕಂಡ ಕಂಡ ಕೊಟ್ಟಿಗೆಯ ಮುಂದೆ ಮಾವ ಇಳಿದು, ಕುಂಟುತ್ತ ಹೋಗಿ, "ಗಂಗೆ" ಎಂದು ಕರೆದರು. ಯಾವ ಹಸುವೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹೊರಗೆ ಬಂದಾಗ ದಾಸವಾಳ ಗಿಡದ ತುಂಬ ಅರಳಿ ನಿಂತಿತ್ತು. ಅಷ್ಟು ಹೂವನ್ನು ಆ ಗಿಡದಲ್ಲಿ ನಾವು ನೋಡಿಯೇ ಇರಲಿಲ್ಲ. "ಹೂವು ಭಾಳ ಬಿಟ್ಟಾವಲ್ರೀ ಮಾಲಕರ, ದೇವರಿಗೆ ಎರಡು ತಗೊಳ್ಳೇನ್ರೀ?" ಎಂದು ರಾಯಚೂರಿನಾಕೆ ಕೇಳಿದಳು.

"ಎಲ್ಲಾನೂ ಕಿತ್ಕೊಳಮ್ಮ" ಎಂದರು ಮಾವ. "ನಂಗೆ ಇನ್ಯಾರ ಜೊತೆ ಜಗಳ?"

ಆ ಮಾತನ್ನು ನನಗೆ ಹೇಳಿದ್ದರೆ ಕಾಲು ಹಿಡಿದು ತಪ್ಪಾಯಿತು ಎನ್ನಬಹುದಿತ್ತು. ಅವರು ನನ್ನ ಕಡೆ ನೋಡದೆ ಒಳಗೆ ಹೋದರು.