ಸಿನಿಮಾ ಡಬ್ಬಿಯಲ್ಲಿ ಸಿಕ್ಕಿಕೊಂಡ ಅಕ್ಕ

‘ಅಕ್ಕ ಬಂದಾಳ ತಂಗೀ ಮನಿಗಿ, ಉಡಿಯಾಗ ತಂದಾಳ...’ ಏನದು? ಕಡಲೆ ಅಲ್ಲ. ಕುಸುಬಿಯೂ ಅಲ್ಲ. ನಾಲಿಗೆಯ ತುದಿಯವರೆಗೆ ಬಂದು ತಿರುಗಿ ಹೋಗುತ್ತದೆ. ಮುದುಕಿಯೊಬ್ಬಳು ಒಂದು ಮಾತು ಮರೆತರೆ ಮನೆಮಂದಿಗೆಲ್ಲ ಫಜೀತಿ. ನಮ್ಮಲ್ಲಿ ಇದು ನಡೆಯುತ್ತಲೇ ಇರುತ್ತದೆ.

ನಾನು ಕಲಬುರಗಿ ಕಡೆಯ ಹಳ್ಳಿಯವಳು. ಮದುವೆಯಾಗಿ ಯಲ್ಲಾಪುರಕ್ಕೆ ಬಂದವಳು ಇಲ್ಲೇ ಮುದುಕಿಯಾದೆ. ಆ ಹಾಡನ್ನು ಅಕ್ಕ, ನಾನು ಜೋಳ ಬೀಸುತ್ತ ಹಾಡುತ್ತಿದ್ದೆವು. ಹಾಡಿನ ಅಕ್ಕ ತಂಗಿಯ ಮನೆಗೆ ಬಂದಳು. ನನ್ನ ಅಕ್ಕ ಒಮ್ಮೆಯೂ ಬರಲಿಲ್ಲ. ಬಸ್ಸು ಹತ್ತಿದರೆ ವಾಂತಿ. ಹೋದ ವರ್ಷ ತೀರಿಕೊಂಡಳು. ಅವಳು ಹಾಡಿದ್ದ ಹಳೆಯ ಕ್ಯಾಸೆಟ್ಟಿನಿಂದ ಅವಳ ಮಗ ಒಂದು ಸಿಡಿ ಮಾಡಿಸಿ ಕಳಿಸಿದ. ಮರೆತ ಮಾತು ಅದರಲ್ಲಿದೆ ಎಂದು ಕಾದು ಕುಳಿತೆ.

ಹಾಡುವವ ಎಲ್ಲಿ?

ನಮ್ಮಲ್ಲಿ ಒಂದು ರಿಸೀವರ್ ಇದೆ. ಫೋನಿನದಲ್ಲ, ಐದು ಸ್ಪೀಕರುಗಳಿಗೆ ಸದ್ದು ಹಂಚುವ ಕರಿ ಡಬ್ಬಿ. ಮಗ ಸಿನಿಮಾ ನೋಡಲೆಂದು ತಂದಿದ್ದ. ಈಗ ಅವನು ಮಲಗಿಕೊಂಡು ಫೋನಿನಲ್ಲೇ ಸಿನಿಮಾ ನೋಡುತ್ತಾನೆ. ಡಬ್ಬಿ ನನ್ನ ಹಾಡಿನ ಪಾಲಿಗೆ ಬಂತು. ನಡುವಿನ ಸ್ಪೀಕರ್ ಟಿವಿಗೆ ಅಡ್ಡವಾಗುತ್ತದೆಂದು ಸೊಸೆ ಅದನ್ನು ಯಾವತ್ತೋ ಅಟ್ಟಕ್ಕೆ ಹಾಕಿದ್ದಳು. ಡಬ್ಬಿಗೆ ಈ ಸುದ್ದಿ ಯಾರೂ ಹೇಳಿರಲಿಲ್ಲ.

ಮೊದಲು ಒಂದು ಭಜನೆಯ ಸಿಡಿ ಹಾಕಿದೆ. ಆ ಮೂಲೆಯಿಂದ ತಬಲಾ, ಈ ಮೂಲೆಯಿಂದ ಹಾರ್ಮೋನಿಯಂ. ಹಾಡುವವನ ಸುಳಿವೇ ಇಲ್ಲ. ಪಕ್ಕದ ಮನೆಯಾಕೆ, ಸಿದ್ದಾಪುರದ ಕಡೆಯವಳು, ಬಾಗಿಲಲ್ಲೇ ನಿಂತು ಕೇಳಿದಳು:

“ಎಂತ ಮಾರಾಯ್ತಿ, ಹಾಡವ ಚಾ ಕುಡಿಯಲೆ ಹೋದ್ನ?”

ಮಂಗ ಮತ್ತು ಅಕ್ಕ

ಆಮೇಲೆ ಅಕ್ಕನ ಸಿಡಿ ಹಾಕಿದೆ. ತಿರುಗಿತು, ಅಂಕಿಗಳು ಓಡಿದವು, ಒಂದು ಚೂರೂ ಸದ್ದಿಲ್ಲ. ನಾನು ಕೈಕಟ್ಟಿ ಕುಳಿತೇ ಇದ್ದೆ. ಅಕ್ಕನ ಮಗನಿಗೆ ಫೋನ್ ಮಾಡಿದರೆ, “ಚಿಗವ್ವಾ, ಕ್ಯಾಸೆಟ್ಟು ಹರ್ದು ಹೋಗ್ಯದ. ಇರೋದು ಅದೊಂದೇ,” ಎಂದ.

“ಖಾಲಿ ಸಿಡಿ ಅತ್ತೆ,” ಎಂದಳು ಸೊಸೆ. “ಪೇರಲ ಗಿಡಕ್ಕೆ ಕಟ್ಟುವಾ. ಹೊಳಪಿಗೆ ಮಂಗ ಹೆದರ್ತದೆ.”

“ನಮ್ಮಕ್ಕನ್ನ ಮಂಗ ಓಡಿಸೋಕೆ ಹಚ್ತೀಯಾ?” ಎಂದು ರೇಗಿದೆ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. “ಕಟ್ಟಲಿ ಬಿಡು. ನಿಮ್ಮಕ್ಕ ಅಂದ್ರೆ ನಾನೇ ಹೆದರ್ತಿದ್ದೆ, ಮಂಗ ಯಾವ ಲೆಕ್ಕ?”

ಮೈದಾನ

ಶಿರಸಿಯ ರಿಪೇರಿಯವನಿಗೆ ಫೋನ್ ಹಚ್ಚಿದೆವು. “ಅಮ್ಮಾ, ಸಿನಿಮಾದ ಲೆಕ್ಕದಲ್ಲಿ ಮಾತು, ಹಾಡುವವರ ದನಿ ಎಲ್ಲ ನಡುವಿನ ಸ್ಪೀಕರಿಗೇ ಹೋಗ್ತದೆ. ನಿಮ್ಮಲ್ಲಿ ಅದೇ ಇಲ್ಲ. ಸ್ಟೀರಿಯೋ ಒತ್ತಿ. ಹಾಡಿಗೆ ಎಡಬಲ ಎರಡೇ ಸಾಕು,” ಎಂದ.

ಯಜಮಾನರು ಕನ್ನಡಕ ಇಲ್ಲದೆ ಬಗ್ಗಿ, ಮೊದಲ ಎರಡು ಇಂಗ್ಲಿಷ್ ಅಕ್ಷರ ನೋಡಿ ಒತ್ತಿಯೇಬಿಟ್ಟರು. ಭಜನೆಯ ತಬಲಾ ಎಲ್ಲೋ ದೂರದ ಬಯಲಿನಲ್ಲಿ ಬಾರಿಸಿದ ಹಾಗೆ ಗುಂಯ್‌ಗುಟ್ಟಿತು. “ಸರಿಯಾಯ್ತು ನೋಡು,” ಎಂದರು.

ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: “ಎಂತ, ಕಬಡ್ಡಿ ಶುರುವಾತ?”

ಅಕ್ಕ ಮಾತ್ರ ಮೈದಾನಕ್ಕೂ ಇಳಿಯಲಿಲ್ಲ. ಎರಡನೆಯ ಸಲ ತೀರಿಕೊಂಡಳು ಎಂದುಕೊಂಡು ಸಿಡಿಯನ್ನು ಸೀರೆಗಳ ನಡುವೆ ಇಟ್ಟೆ.

ಉಡಿಯಲ್ಲಿ ಏನಿತ್ತು?

ರಜೆಯಲ್ಲಿ ಮೊಮ್ಮಗಳು ಡಬ್ಬಿಯ ಮುಂದೆ ಕುಳಿತು ನಗತೊಡಗಿದಳು. “ಅಜ್ಜೀ, ಇದು ಸ್ಟೀರಿಯೋ ಅಲ್ಲ, ಸ್ಟೇಡಿಯಂ! ಅಜ್ಜ ಕ್ರಿಕೆಟ್ ಮೈದಾನ ಒತ್ತಿಟ್ಟಿದ್ದಾನೆ.”

ನಾನು ಸೀರೆ ಕೆದರಿ ಸಿಡಿ ತಂದೆ. ಅವಳಿಗೆ ಪೆನ್ಸಿಲ್, ಹಾಳೆ ಕೊಟ್ಟು, ಆ ಮಾತು ಬಂದ ಕೂಡಲೇ ಬರೆದುಕೋ ಎಂದೆ. ಅವಳು ಸರಿಯಾದ ಗುಂಡಿ ಒತ್ತಿದಳು.

ಸುಯ್ ಎಂಬ ಸದ್ದು. ಒಂದು ಕೆಮ್ಮು. ಆಮೇಲೆ ಅಕ್ಕ! ಎರಡೂ ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ಚಾಪೆ ಹಾಸಿ ಕುಳಿತು ಹಾಡಿದಂತೆ: “ಅಕ್ಕ ಬಂದಾಳ ತಂಗೀ ಮನಿಗಿ, ಉಡಿಯಾಗ ತಂದಾಳ...”

ಹಾಡು ನಿಲ್ಲಿಸಿದಳು. ಎದುರು ರೆಕಾರ್ಡ್ ಮಾಡುತ್ತಿದ್ದ ಮಗನನ್ನೇ ಕೇಳಿರಬೇಕು:

“ಏನ್ ತಂದಾಳೋ ತಮ್ಮಾ? ಮರ್ತೀನಿ. ನನ್ನ ತಂಗಿಗಿ ಕೇಳು, ಅಕಿಗಿ ಪೂರಾ ಬರ್ತದ.”

ಟಕ್. ಅಷ್ಟೇ ಇದ್ದದ್ದು.

ಯಜಮಾನರು ಹಲ್ಲಿನ ಸೆಟ್ಟು ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೂ ಕಣ್ಣು ಒರೆಸುತ್ತಲೇ ಇದ್ದೆ. ಅಕ್ಕ ನನ್ನ ಮೇಲೆ ಹಾಕಿ ಹೋಗಿದ್ದಳು. ನಾನಿನ್ನು ಯಾರನ್ನು ಕೇಳಲಿ?

ಮೊಮ್ಮಗಳು ಪೆನ್ಸಿಲ್ ಎತ್ತಿಕೊಂಡೇ ಇದ್ದಳು. “ಅಜ್ಜೀ, ಉಡಿಯಲ್ಲಿ ಏನು ಅಂತ ಬರೀಲಿ?”

“ಬರೇ ಕೈಲೆ ಬಂದಾಳ ಅಂತ ಬರಿ,” ಎಂದೆ. “ವಾಂತಿ ಮಾಡ್ಕೊಳ್ದೇ ಬಂದಾಳಲ್ಲ, ಸಾಕು.”